ಚಿಮಣಿಯಲ್ಲಿ ನೋಡುವುದೇನಿದೆ?

ಭಾನುವಾರದ ಬೆಳಿಗ್ಗೆ ತಂಡ ಕಟ್ಟಿಕೊಂಡು ನಡೆಯಹೊರಡುವ ಚಾಳಿ ನಮ್ಮ ನಗರಗಳಲ್ಲಿ ಬೆಳೆದಿದೆ. ಸಂತೋಷವೇ. ಆದರೆ ಈ ತಂಡಗಳು ಹೋಗುವುದೆಲ್ಲಿಗೆ? ದೇವಸ್ಥಾನಕ್ಕೆ, ಅರಮನೆಗೆ, ಕೋಟೆಯ ಬಾಗಿಲಿಗೆ. ಕೊನೆಗೆ ಹೋಟೆಲಿನ ದೋಸೆಗೆ. ಇವುಗಳಲ್ಲಿ ಯಾವುದರ ಮೇಲೂ ನನಗೆ ಹಗೆಯಿಲ್ಲ, ದೋಸೆಯ ಮೇಲಂತೂ ಇಲ್ಲವೇ ಇಲ್ಲ. ಆದರೆ ಹಳೆಯ ಪಂಪುಮನೆಗೆ, ನಾಲೆಯ ಸುರಂಗಕ್ಕೆ, ಗಿರಣಿಯ ಚಿಮಣಿಯ ಬುಡಕ್ಕೆ ಹೋಗೋಣವೆಂದು ಯಾರಾದರೂ ಬಾಯಿಬಿಟ್ಟರೆ, ‘ಅಲ್ಲಿ ನೋಡುವುದೇನಿದೆ?’ ಎಂದು ಮೂಗು ಮುರಿಯುವವರು ವಿದ್ಯಾವಂತರೇ. ಆ ಪ್ರಶ್ನೆಯೊಡನೆ ನನ್ನ ಜಗಳ.

ಬೆಂಗಳೂರಿನ ಹಳಬರನ್ನು ಕೇಳುತ್ತೇನೆ: ನಿಮ್ಮ ಅಜ್ಜಂದಿರ ಮನೆಯ ನಲ್ಲಿಗೆ ನೀರು ಬಂದದ್ದು ಎಲ್ಲಿಂದ? ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಊರಿಗೆ ನೀರು ತರುವ ಏರ್ಪಾಡಾಯಿತು. ಇಟ್ಟಿಗೆ ಗಾರೆಯ ಕಾಲುವೆಯೊಳಗೆ ನೀರು ಯಾವ ಯಂತ್ರದ ಹಂಗೂ ಇಲ್ಲದೆ, ಇಳಿಜಾರನ್ನೇ ನಂಬಿ, ತರಬನಹಳ್ಳಿಯ ದಾರಿಯಾಗಿ ಬರುತ್ತಿತ್ತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಅದನ್ನು ಎತ್ತಿ ಮಲ್ಲೇಶ್ವರದ ಕಡೆಗೆ ನೂಕುತ್ತಿದ್ದವು. ಆ ಬಾಯ್ಲರುಗಳ ಹೊಗೆಗೆಂದು ಎತ್ತಿದ ಚಿಮಣಿಯಿಂದ ಬಂದ ಹೆಸರೇ ಚಿಮಣಿ ಹಿಲ್ಸ್. ಇಂದು ಅಲ್ಲಿ ನಿವೇಶನ ಕೊಳ್ಳುವವರಿಗೆ ಹೆಸರು ಗೊತ್ತು, ಚದರಡಿಯ ಬೆಲೆ ಇನ್ನೂ ಚೆನ್ನಾಗಿ ಗೊತ್ತು. 1974ರಲ್ಲಿ ಕಾವೇರಿ ನೀರು ಬಂದಿತು. ಊರು ಹಳೆಯ ಋಣವನ್ನು ಮರೆಯಿತು. ಮರೆಯುವುದರಲ್ಲಿ ನಾವು ಪಳಗಿದವರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಿಂತು ಬಸ್ಸಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ತಾವು ಕೆರೆಯಲ್ಲಿ ನಿಂತಿದ್ದೇವೆಂಬ ಅರಿವಿದೆ?

ಆ ಇಟ್ಟಿಗೆ ಕಾಲುವೆಯ ಜಾಡು ಹಿಡಿದು ಹತ್ತಾರು ಜನರೊಡನೆ ನಾನೂ ಒಮ್ಮೆ ನಡೆದೆ. ನಾವೆಲ್ಲ ಕಮಾನನ್ನು ಹೊಗಳುತ್ತ, ಪಾಚಿಯ ಚಿತ್ರ ತೆಗೆಯುತ್ತ ಇದ್ದೆವು. ತಂಡದಲ್ಲಿ ಪಂಪುಮನೆಯ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಅವರಿಗೆ ತಡೆಯಲಾಗಲಿಲ್ಲ. “ಇಟ್ಟಿಗೆ ಯಾರು ಬೇಕಾದರೂ ಜೋಡಿಸ್ತಾರೆ ಸ್ವಾಮಿ, ವಾಟ ನೋಡಿ ವಾಟ!” ಎಂದರು. ಕಣ್ಣಿಗೆ ಕಾಣದಷ್ಟು ಅಲ್ಪವಾದ ವಾಟ. ಹೆಚ್ಚಾದರೆ ನೀರು ಗಾರೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಅದನ್ನು ಮೈಲಿಗಟ್ಟಲೆ ತಪ್ಪದಂತೆ ಕಾಯ್ದುಕೊಂಡು ಬಂದದ್ದೇ ಅಲ್ಲಿಯ ಶಿಲ್ಪ. ನೋಡುವುದೇನಿದೆ ಎಂದವರಿಗೆ ಇದು ಒಂದು ಉತ್ತರ. ಒಬ್ಬಂಟಿಯಾಗಿ ಹೋದ ಕವಿಹೃದಯನಿಗೆ ಅಲ್ಲಿ ಪಾಚಿಯಷ್ಟೇ ಕಂಡೀತು. ಗುಂಪು ಬೇಕು, ಗುಂಪಿನಲ್ಲಿ ಕೆಲಸ ಬಲ್ಲ ಒಬ್ಬನಾದರೂ ಬೇಕು.

ಇದೆಲ್ಲ ಬಿಳಿಯರಿಂದ ತಂದ ಶೋಕಿ, ಕೈ ಖಾಲಿಯಿದ್ದವರ ಕಾಲಕ್ಷೇಪ ಎಂಬ ಆಕ್ಷೇಪವನ್ನು ಕೇಳಿದ್ದೇನೆ. ಹಾಗಾದರೆ ಬಿಳಿಯರ ಸಂಗತಿಯನ್ನೇ ನೋಡೋಣ. ಇಂಗ್ಲೆಂಡಿನ ಡಡ್ಲಿ ಎಂಬ ಊರಿನ ಕೆಳಗೆ 18ನೆಯ ಶತಮಾನದ ಕೊನೆಯಲ್ಲಿ ಕೊರೆದ, ಸುಮಾರು 2.9 ಕಿಲೋಮೀಟರ್ ಉದ್ದದ ಕಾಲುವೆ ಸುರಂಗವಿದೆ. ಸುಣ್ಣಕಲ್ಲು, ಕಲ್ಲಿದ್ದಲು ಹೇರಿದ ದೋಣಿಗಳ ದಾರಿ ಅದು. ಒಳಗೆ ಕುದುರೆ ನಡೆಯಲು ಜಾಗವಿಲ್ಲ. ಕುದುರೆಯನ್ನು ಗುಡ್ಡದ ಮೇಲಿಂದ ಆಚೆಗೆ ನಡೆಸಿಕೊಂಡು ಹೋಗುತ್ತಿದ್ದರು. ದೋಣಿಯವರು ಅಂಗಾತ ಮಲಗಿ, ಸುರಂಗದ ಗೋಡೆಗೆ ಕಾಲೂರಿ, ಗೋಡೆಯ ಮೇಲೆ ನಡೆದಂತೆ ತುಳಿದು ತುಳಿದು ಕತ್ತಲಲ್ಲಿ ದೋಣಿಯನ್ನು ಮುಂದಕ್ಕೆ ದಾಟಿಸುತ್ತಿದ್ದರು. ಮನುಷ್ಯ ಕುದುರೆಯ ಬದಲಾದ ಈ ಕಥೆ ಯಾವ ಅರಮನೆಯ ಗೋಡೆಯಲ್ಲಿ ಬರೆದಿದೆ? 1962ರಲ್ಲಿ ಆ ಸುರಂಗವನ್ನು ಮುಚ್ಚಿದರು. ಊರಿನ ಉತ್ಸಾಹಿಗಳು 1964ರಲ್ಲಿ ಸಂಘ ಕಟ್ಟಿ, ಜನರನ್ನು ಗುಂಪುಗುಂಪಾಗಿ ಒಳಗೆ ಕರೆದೊಯ್ದು ತೋರಿಸಿದರು, ತಾವೇ ಹೂಳೆತ್ತಿದರು. 1973ರಲ್ಲಿ ಸುರಂಗ ಮತ್ತೆ ತೆರೆಯಿತು. ಅದನ್ನು ಉಳಿಸಿದ್ದು ನೋಡಲು ಬಂದ ಜನ. ಇಲ್ಲಿ ನಮ್ಮ ಬಿನ್ನಿ ಮಿಲ್ಲಿನ ಜಾಗದಲ್ಲಿ ವಸತಿ ಗೋಪುರಗಳೆದ್ದಿವೆ. ಆ ಗೋಡೆಗಳು ಬೀಳುವ ಮೊದಲು ನಮ್ಮಲ್ಲಿ ಎಷ್ಟು ಮಂದಿ ಅವುಗಳ ಸುತ್ತ ಒಂದು ಸುತ್ತು ನಡೆದಿದ್ದೆವು? ನೋಡದೆ ಕಳೆದದ್ದಕ್ಕೆ ಅಳುವವರಿಲ್ಲ. ಗುತ್ತಿಗೆದಾರರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಅಪಾಯದ ಮಾತು ಬೇರೆ. ಹರಿಯುವ ನೀರಿಗೂ ಕುಸಿಯುವ ಚಾವಣಿಗೂ ಸಾಹಸ ತೋರಿಸಬೇಕಾಗಿಲ್ಲ. ಅಪ್ಪಣೆಯಿಲ್ಲದೆ ನುಗ್ಗುವವರ ಪರವಾಗಿ ನಾನು ವಾದಿಸುತ್ತಿಲ್ಲ. ಆದರೆ ‘ಪ್ರವೇಶವಿಲ್ಲ’ ಎಂಬ ಹಲಗೆ ನೆಟ್ಟು ಕೈತೊಳೆದುಕೊಳ್ಳುವುದು ರಕ್ಷಣೆಯಲ್ಲ, ಆಲಸ್ಯ.

ಮಂಡ್ಯ ಸೀಮೆಯನ್ನೇ ತೆಗೆದುಕೊಳ್ಳಿ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಹಿಂದಿನ ಇರ್ವಿನ್ ನಾಲೆ, ಹುಲಿಕೆರೆಯ ಬಳಿ ನೆಲದೊಳಕ್ಕೆ ಹೊಕ್ಕು ಸುಮಾರು 2.8 ಕಿಲೋಮೀಟರ್ ಸುರಂಗದಲ್ಲಿ ಹರಿಯುತ್ತದೆ. ಡಡ್ಲಿಯದಕ್ಕೂ ಇದಕ್ಕೂ ಉದ್ದದಲ್ಲಿ ಅಂತರ ಅಷ್ಟಿಷ್ಟೇ. ಮಂಡ್ಯದ ಗದ್ದೆ, ಕಬ್ಬು, 1933ರ ಸಕ್ಕರೆ ಕಾರ್ಖಾನೆ ಎಲ್ಲವೂ ಈ ನೀರಿನ ಮಕ್ಕಳು. ಬೃಂದಾವನದ ಬಣ್ಣದ ಕಾರಂಜಿಗೆ ಬಸ್ಸುಗಟ್ಟಲೆ ಹೋಗುವ ನಾವು, ಅದೇ ಅಣೆಕಟ್ಟಿನ ನೀರು ಗುಡ್ಡ ಹೊಕ್ಕು ಹೊರಬೀಳುವ ಬಾಯಿಯನ್ನು ಕಂಡಿದ್ದೇವೆಯೇ? ನಾಲೆಗೆ ನೀರು ನಿಲ್ಲಿಸಿ ದುರಸ್ತಿ ನಡೆಸುವ ದಿನಗಳಲ್ಲಿ ಒಂದು ಭಾನುವಾರ, ಎಂಜಿನಿಯರೊಬ್ಬರ ಮೇಲ್ವಿಚಾರಣೆಯಲ್ಲಿ, ಸುರಂಗದ ಬಾಯಿಯವರೆಗಾದರೂ ಜನರನ್ನು ಬಿಡಲಿ. ಅಲ್ಲಿಂದ ಆಚೆಯ ಬಾಯಿಗೆ ನೆಲದ ಮೇಲೆಯೇ ನಡೆಯೋಣ. ತಲೆಗೆ ನೂರು ರೂಪಾಯಿ ಶುಲ್ಕ ಕೇಳಿದರೂ ಕೊಡೋಣ. ಆದರೆ ಆ ದುಡ್ಡಿನಲ್ಲಿ ಮೊದಲ ಪಾಲು, ತೂಬು ತಿರುಗಿಸಿ, ಹೂಳೆತ್ತಿ ಮುದುಕನಾದ ನಾಲೆಯ ನೀರುಗಂಟಿಗೆ ಸಲ್ಲಬೇಕು. ಮುಂದೆ ನಡೆದು ದಾರಿ ತೋರಿಸುವವನೂ ಅವನೇ ಆಗಬೇಕು.