ಮನಗೂಳಿಯಲ್ಲಿ ಹೊರಳಿದರೆ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹತ್ತಿ, ಗೋಡೆಗೆ ಕಿವಿಯಿಟ್ಟು ಪಿಸುಮಾತು ಕೇಳಿ, ಇಳಿದು ಆಲಮಟ್ಟಿಯ ದಾರಿ ಹಿಡಿಯುತ್ತಾರೆ. ನಡುವೆ ಮನಗೂಳಿ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಅಲ್ಲಿಂದ ಪೂರ್ವಕ್ಕೆ ಹೊರಳುವ ರಸ್ತೆ ಬಸವನ ಬಾಗೇವಾಡಿ, ಹೂವಿನ ಹಿಪ್ಪರಗಿ ದಾಟಿ ತಾಳಿಕೋಟೆಗೆ ಮುಟ್ಟುತ್ತದೆ. ಒಂದೇ ದಾರಿಯಲ್ಲಿ ಬಸವಣ್ಣನವರ ಊರೂ ಇದೆ, 1564ರ ಡಿಸೆಂಬರಿನಲ್ಲಿ ವಿಜಯನಗರದ ಮೇಲೆ ಹೊರಟ ಸುಲ್ತಾನರ ದಂಡು ಬೀಡುಬಿಟ್ಟ ಊರೂ ಇದೆ.

ಬಾಗೇವಾಡಿಯನ್ನು ಹೆದ್ದಾರಿಗಿಂತ ಮೊದಲೇ ರೈಲು ಬಿಟ್ಟುಹೋಗಿತ್ತು. ‘ಬಸವನ ಬಾಗೇವಾಡಿ ರೋಡ್’ ಎಂಬ ಸ್ಟೇಷನ್ ಇರುವುದು ತೆಲಗಿಯಲ್ಲಿ. ಹೀಗೆ ಬದಿಗೆ ಬಿದ್ದ ಊರು ಒಂದು ಕಾಲಕ್ಕೆ ತರ್ದವಾಡಿ ನಾಡಿನ ನಡುವೆಯೇ ಇತ್ತು. ಹಾಗೆಂದು ಹೇಳುವುದು 1260ರ ಅರ್ಜುನವಾಡ ಶಾಸನ; ಬಸವರಾಜ, ಅಂದರೆ ಬಸವಣ್ಣ, ಬಾಗೇವಾಡಿಯ ಮಾದಿರಾಜನ ಮಗ ಎಂಬ ಮಾತೂ ಅದರಲ್ಲೇ ಇದೆ. ಊರಿನ ಈ ಸಾಕ್ಷಿ ಸಿಕ್ಕಿದ್ದು ದೂರದ ಹುಕ್ಕೇರಿ ಸೀಮೆಯಲ್ಲಿ. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲೋ, ತಾಯಿಯ ತವರಾದ ಇಂಗಳೇಶ್ವರದಲ್ಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಎರಡೂ ಹತ್ತಿರದ ಊರುಗಳು; ನೋಡಲು ಹೋಗುವವರಿಗೆ ವಾದ ಮುಗಿಯುವವರೆಗೆ ಕಾಯುವ ಅಗತ್ಯವಿಲ್ಲ.

ಇದೇ ತರ್ದವಾಡಿ ನಾಡನ್ನು ರಾಷ್ಟ್ರಕೂಟರಿಂದ ಪಡೆದು ಆಳುತ್ತಿದ್ದವನು ತೈಲಪ. 973ರಲ್ಲಿ ಅವನೇ ಒಡೆಯರನ್ನು ಕೆಳಗಿಳಿಸಿ ಕಲ್ಯಾಣದ ಚಾಲುಕ್ಯ ರಾಜ್ಯಕ್ಕೆ ಬುನಾದಿ ಹಾಕಿದ.

ಆದರೆ ಈ ಸೀಮೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ರಾಜರ ಕಥೆಯಲ್ಲ, ಇಂಡಿ ಹತ್ತಿರದ ಸಾಲೋಟಗಿಯ ಶಾಸನ. 945ರಲ್ಲಿ, ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬರುವ ವಿದ್ಯಾರ್ಥಿಗಳಿಗೆ 27 ಮನೆಗಳು. ಖರ್ಚಿಗೆ 500 ನಿವರ್ತನ ಹೊಲ. ದೀಪದೆಣ್ಣೆಗೆಂದೇ ಬೇರೆ 12 ನಿವರ್ತನ. ಕಟ್ಟಿಸಿದವನು ಮಂತ್ರಿಯಾದರೂ ಊರವರಿಗೂ ಪಾಲು ಹಚ್ಚಿದ್ದರು. ಮದುವೆಯಾದರೆ ಶಾಲೆಗೆ ಇಷ್ಟು ಕೊಡಬೇಕು, ಮುಂಜಿಯಾದರೆ ಅದರ ಅರ್ಧ, ಚೌಲಕ್ಕೆ ಮತ್ತೂ ಅರ್ಧ. ಊರಲ್ಲಿ ಔತಣವಾದರೆ ಗುರುಗಳನ್ನೂ ಹುಡುಗರನ್ನೂ ಪಂಕ್ತಿಗೆ ಕರೆಯಬೇಕು. ಹಾಸ್ಟೆಲ್ ಊಟದ ಬಗ್ಗೆ ಇಷ್ಟು ಕಾಳಜಿ ಇದ್ದ ಊರನ್ನು ಶಾಲಾ ಪ್ರವಾಸದ ಬಸ್ಸುಗಳು ಮೊದಲು ನೋಡಬೇಕಿತ್ತು.

ಆ ವಿದ್ಯೆ ಎಲ್ಲರದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅದು ಬ್ರಾಹ್ಮಣ ಹುಡುಗರ ಶಾಲೆ. ಸುಮಾರು ಎರಡು ಶತಮಾನ ಕಳೆದ ಮೇಲೆ ಇದೇ ಸೀಮೆಯ ಬಾಗೇವಾಡಿ ಅಗ್ರಹಾರದ ಹುಡುಗನೊಬ್ಬ ಮುಂಜಿಯನ್ನೇ ಒಲ್ಲೆನೆಂದು ಮನೆ ಬಿಟ್ಟ ಎನ್ನುತ್ತವೆ ಬಸವಪುರಾಣಗಳು. ಮುಂಜಿಯ ಕಾಣಿಕೆಯಿಂದ ನಡೆದ ಶಾಲೆಯನ್ನೂ ಮುಂಜಿ ಬೇಡವೆಂದವನ ಮನೆಯನ್ನೂ ಒಂದೇ ದಿನದಲ್ಲಿ ನೋಡುವ ಸೌಕರ್ಯ ಈ ಜಿಲ್ಲೆಯಲ್ಲಿದೆ. ಆತ ಹೋಗಿ ಸೇರಿದ ಕೂಡಲಸಂಗಮವೂ ಆಲಮಟ್ಟಿಯ ಆಚೆ ಹೆದ್ದಾರಿ ಬಿಟ್ಟು ಪಕ್ಕಕ್ಕೇ ಇದೆ. ಅಲ್ಲಿಗೆ ಮಾತ್ರ ಎಲ್ಲರ ಗಾಡಿಗಳೂ ತಾವಾಗಿ ಹೊರಳುತ್ತವೆ.