‘ಸ್ಕ್ಯಾನ್ ನಾರ್ಮಲ್’ ಅಂದರೆ ಕಾಯಿಲೆ ಇಲ್ಲ ಅಂತಲ್ಲ

ಕಾಲು ಎಳೆಯುತ್ತದೆ, ಕೈ ನಡುಗುತ್ತದೆ. ಸಾಲ ಮಾಡಿ ಎಂಆರ್‌ಐ ಮಾಡಿಸಿದ್ದಾಯಿತು. ಡಾಕ್ಟರು ರಿಪೋರ್ಟ್ ನೋಡಿ ‘ಎಲ್ಲಾ ನಾರ್ಮಲ್ ಇದೆ, ಟೆನ್ಷನ್ ಮಾಡ್ಕೋಬೇಡಿ’ ಎಂದು ವಿಟಮಿನ್ ಮಾತ್ರೆ ಬರೆದು ಕಳಿಸುತ್ತಾರೆ. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಆ ‘ನಾರ್ಮಲ್’ ಎಂಬ ಮಾತು ಊರಲ್ಲಿ ಬೇರೆಯೇ ಅರ್ಥ ಪಡೆದಿರುತ್ತದೆ: ‘ಏನೂ ಇಲ್ವಂತೆ, ಬರೀ ನಾಟಕ.’ ಸೊಸೆಯಾದರೆ ಕೆಲಸ ತಪ್ಪಿಸಿಕೊಳ್ಳೋಕೆ, ಮಗನಾದರೆ ಹೊಲಕ್ಕೆ ಹೋಗದಿರೋಕೆ, ಓದುವ ಹುಡುಗಿಯಾದರೆ ಪರೀಕ್ಷೆಗೆ ಹೆದರಿ ಎಂದು ಮಾತು ಹಬ್ಬುತ್ತದೆ.

ಇಂಥವರಲ್ಲಿ ಕೆಲವರಿಗಾದರೂ ಇರುವುದು ನಿಜವಾದ ಕಾಯಿಲೆ. ಅದಕ್ಕೆ ಹೆಸರಿದೆ, ಗುರುತಿಸುವ ವಿಧಾನವಿದೆ, ಚಿಕಿತ್ಸೆಯೂ ಇದೆ. ಆ ಚಿಕಿತ್ಸೆ ಬೆಂಗಳೂರಿನಲ್ಲಷ್ಟೇ ಸಿಕ್ಕರೆ ಸಾಲದು, ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗಬೇಕು ಎಂಬುದು ನಮ್ಮ ವಾದ.

ಕಾಯಿಲೆಯ ಹೆಸರು ಫಂಕ್ಷನಲ್ ಮೂವ್‌ಮೆಂಟ್ ಡಿಸಾರ್ಡರ್. ಬೋರ್‌ವೆಲ್ ಮೋಟಾರ್ ನೆನಪಿಸಿಕೊಳ್ಳಿ. ಮೋಟಾರ್ ಸುಟ್ಟಿಲ್ಲ, ಕೇಬಲ್ ತುಂಡಾಗಿಲ್ಲ, ಕರೆಂಟೂ ಇದೆ. ಆದರೂ ನೀರು ಬರುತ್ತಿಲ್ಲ, ಏಕೆಂದರೆ ಸ್ಟಾರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಇಲ್ಲೂ ಹಾಗೆಯೇ. ಮೆದುಳು, ನರ, ಸ್ನಾಯು ಯಾವುದಕ್ಕೂ ಪೆಟ್ಟಾಗಿಲ್ಲ. ಅಂಗ ಚಲಿಸಲು ಮೆದುಳು ಕೊಡುವ ಅಪ್ಪಣೆ ಮಾತ್ರ ಹಳಿ ತಪ್ಪಿದೆ. ಸ್ಕ್ಯಾನ್ ಮೆದುಳಿನ ಆಕಾರ ತೋರಿಸುತ್ತದೆ, ಅದು ಕೆಲಸ ಮಾಡುವ ರೀತಿಯನ್ನು ತೋರಿಸುವುದಿಲ್ಲ. ಅದಕ್ಕೇ ರಿಪೋರ್ಟ್ ನಾರ್ಮಲ್ ಬರುತ್ತದೆ.

‘ನಾಟಕ ಅಲ್ಲ ಅಂತ ಹೇಗೆ ಹೇಳ್ತೀರಿ?’ ಎಂದು ಕೇಳಬಹುದು. ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ 1908ರಲ್ಲೇ ಒಂದು ಸರಳ ಪರೀಕ್ಷೆಯನ್ನು ವಿವರಿಸಿದ್ದರು. ರೋಗಿಯನ್ನು ಮಲಗಿಸಿ, ಬಲವಿಲ್ಲದ ಕಾಲಿನ ಹಿಮ್ಮಡಿಯ ಕೆಳಗೆ ಡಾಕ್ಟರು ಕೈ ಇಡುತ್ತಾರೆ. ‘ಕೆಳಕ್ಕೆ ಒತ್ತಿ’ ಎಂದರೆ ಒತ್ತಲು ಆಗುವುದಿಲ್ಲ. ಆಮೇಲೆ ಚೆನ್ನಾಗಿರುವ ಇನ್ನೊಂದು ಕಾಲನ್ನು ಎತ್ತಲು ಹೇಳುತ್ತಾರೆ. ಆಗ ಬಲವಿಲ್ಲದ ಕಾಲು ತಾನಾಗಿಯೇ ಕೆಳಕ್ಕೆ ಬಲವಾಗಿ ಒತ್ತುತ್ತದೆ! ಕಾಲಿನ ಮೇಲೆ ಗಮನ ಇಟ್ಟರೆ ಚಲನೆ ಕೈಕೊಡುತ್ತದೆ, ಗಮನ ಬೇರೆಡೆ ಹೋದರೆ ಚಲನೆ ಮರಳುತ್ತದೆ. ನಡುಕಕ್ಕೂ ಇಂಥದ್ದೇ ಪರೀಕ್ಷೆ ಇದೆ. ಇನ್ನೊಂದು ಕೈಯಲ್ಲಿ ತಾಳ ಹಾಕಲು ಹೇಳಿದರೆ, ನಡುಗುವ ಕೈ ನಿಲ್ಲುತ್ತದೆ ಇಲ್ಲವೇ ಅದೇ ತಾಳಕ್ಕೆ ಹೊಂದಿಕೊಳ್ಳುತ್ತದೆ.

ಅಂದರೆ ಈ ಕಾಯಿಲೆಯನ್ನು ‘ಬೇರೇನೂ ಸಿಗಲಿಲ್ಲ, ಹಾಗಾಗಿ ಇದೇ’ ಎಂದು ಊಹಿಸಬೇಕಿಲ್ಲ. ಗುರುತು ನೋಡಿಯೇ ಹೇಳಬಹುದು. ಕಾಲು ತಾನಾಗಿ ಒತ್ತಿದ್ದನ್ನು ನೋಡಿ ‘ಕಳ್ಳಾಟ ಸಿಕ್ಕಿಬಿತ್ತು’ ಎನ್ನುವ ಡಾಕ್ಟರು ಅರ್ಧ ಮಾತ್ರ ನೋಡಿದ್ದಾರೆ. ಅದನ್ನೇ ರೋಗಿಗೆ ತೋರಿಸಿ ‘ನೋಡಮ್ಮಾ, ನಿನ್ನ ಕಾಲಿನಲ್ಲಿ ಶಕ್ತಿ ಇದೆ, ದಾರಿ ಮಾತ್ರ ತಪ್ಪಿದೆ, ಅದನ್ನ ಮತ್ತೆ ಕಲಿಸಬಹುದು’ ಎನ್ನುವವರು ಅಲ್ಲೇ ಚಿಕಿತ್ಸೆ ಶುರು ಮಾಡಿದಂತೆ.

ಹಿಂದೆ ಇದನ್ನು ಹಿಸ್ಟೀರಿಯಾ ಎನ್ನುತ್ತಿದ್ದರು. ಗರ್ಭಕೋಶ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರದು. ಹೆಸರಿನಲ್ಲೇ ಹೆಣ್ಣಿನ ಮೇಲೆ ತಪ್ಪು ಹೊರಿಸಿದಂತಿದೆ. ಹೆಂಗಸರಲ್ಲಿ ಇದು ಹೆಚ್ಚು ಎಂಬುದು ನಿಜ, ಆದರೆ ಗಂಡಸರಿಗೂ ಮಕ್ಕಳಿಗೂ ಬರುತ್ತದೆ. ‘ಮನಸ್ಸಿನ ನೋವೇ ಕಾರಣ’ ಎಂಬ ಮಾತೂ ಪೂರ್ತಿ ನಿಜವಲ್ಲ. ಕೆಲವರಿಗೆ ಮಾನಸಿಕ ಆಘಾತದ ನಂತರ ಬರಬಹುದು. ಇನ್ನು ಕೆಲವರಿಗೆ ಬಿದ್ದು ಪೆಟ್ಟಾದ ಮೇಲೆ, ಜ್ವರದ ಮೇಲೆ, ಆಪರೇಷನ್ ಆದ ಮೇಲೆ ಬರಬಹುದು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿಯೇ 2013ರ ಆವೃತ್ತಿಯಲ್ಲಿ ‘ಮಾನಸಿಕ ಕಾರಣ ಇರಲೇಬೇಕು’ ಎಂಬ ಷರತ್ತನ್ನು ಕೈಬಿಟ್ಟಿತು. ಹಾಗಾಗಿ ‘ಮನೆಯಲ್ಲಿ ಏನೋ ಜಗಳ ಇರಬೇಕು’ ಎಂದು ಕೆದಕುತ್ತಾ ಕೂರುವುದರಿಂದ ಕಾಲು ಸರಿಹೋಗುವುದಿಲ್ಲ.

ಚಿಕಿತ್ಸೆಯ ಮುಖ್ಯ ಭಾಗ ಫಿಸಿಯೋಥೆರಪಿ. ಆದರೆ ಇದು ಲಕ್ವಾ ಹೊಡೆದವರಿಗೆ, ಮೂಳೆ ಮುರಿದವರಿಗೆ ಮಾಡಿಸುವಂಥದ್ದಲ್ಲ. ‘ಇನ್ನೂ ಜೋರಾಗಿ ಎತ್ತು, ಪ್ರಯತ್ನಪಡು’ ಎಂದಷ್ಟೂ ಗಮನ ಕಾಲಿಗೇ ಅಂಟಿಕೊಂಡು ತೊಂದರೆ ಹೆಚ್ಚುತ್ತದೆ. ಬದಲಿಗೆ ಹಿಂದಕ್ಕೆ ನಡೆಸುತ್ತಾರೆ, ಪಕ್ಕಕ್ಕೆ ನಡೆಸುತ್ತಾರೆ, ತಾಳಕ್ಕೆ ಹೆಜ್ಜೆ ಹಾಕಿಸುತ್ತಾರೆ, ಕನ್ನಡಿ ಮುಂದೆ ನಿಲ್ಲಿಸುತ್ತಾರೆ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗಿಸುವುದನ್ನು ಕಲಿಸುತ್ತಾರೆ. ಮುಂದಕ್ಕೆ ಹೆಜ್ಜೆ ಇಡಲಾಗದವರು ಹಿಂದಕ್ಕೆ ಸಲೀಸಾಗಿ ನಡೆಯುವುದೂ ಉಂಟು. ಹೀಗೆ ಸಿಕ್ಕ ಸರಿಯಾದ ಚಲನೆಯನ್ನೇ ಹಿಡಿದು ದಿನದ ಕೆಲಸಕ್ಕೆ ಬೆಳೆಸಬೇಕು. ಆತಂಕ, ಖಿನ್ನತೆ, ನೋವು ಜೊತೆಗಿದ್ದರೆ ಅದಕ್ಕೂ ಆಪ್ತಸಮಾಲೋಚನೆ ಅಥವಾ ಔಷಧ ಬೇಕು.

ಇದು ಪವಾಡವಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನಲ್ಲಿ 355 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2024ರಲ್ಲಿ ಬಂತು. ವರ್ಷದ ನಂತರ ದೈಹಿಕ ಸಾಮರ್ಥ್ಯದ ಅಂಕ ನೋಡಿದರೆ ವಿಶೇಷ ಫಿಸಿಯೋಥೆರಪಿ ಪಡೆದವರಿಗೂ ಸಾಮಾನ್ಯ ಚಿಕಿತ್ಸೆ ಪಡೆದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ‘ನನಗೆ ಸುಧಾರಿಸಿದೆ’ ಎಂದವರು ವಿಶೇಷ ಚಿಕಿತ್ಸೆ ಪಡೆದವರಲ್ಲೇ ಹೆಚ್ಚಿದ್ದರು. ಕೆಲವರು ಪೂರ್ತಿ ಗುಣವಾಗುತ್ತಾರೆ, ಕೆಲವರು ಅರ್ಧ, ಕೆಲವರಿಗೆ ಮರುಕಳಿಸುತ್ತದೆ. ಬೇಗ ಗುರುತಿಸಿದಷ್ಟೂ ಒಳ್ಳೆಯದು. ನಮ್ಮಲ್ಲಿ ಕಳೆದುಹೋಗುವುದು ಆ ಮೊದಲ ದಿನಗಳೇ: ಸ್ಕ್ಯಾನ್, ಗ್ಲೂಕೋಸ್ ಬಾಟಲಿ, ತಾಯತ, ಮತ್ತೊಂದು ಸ್ಕ್ಯಾನ್. ದೇವರಿಗೆ ಹರಕೆ ಹೊರುವವರು ಹೊರಲಿ, ಅದು ಅವರ ನಂಬಿಕೆ. ಆದರೆ ಅದಕ್ಕಾಗಿ ಚಿಕಿತ್ಸೆ ತಡವಾಗಬಾರದು.

ಸರ್ಕಾರಕ್ಕೆ ನಮ್ಮದೊಂದು ಕೋರಿಕೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮಾನಸಿಕ ಕಾಯಿಲೆಗಳ ತರಬೇತಿ ಕೊಟ್ಟು ತೋರಿಸಿತು. ಆ ಬಳ್ಳಾರಿ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಅದೇ ದಾರಿಯಲ್ಲಿ ಸರ್ಕಾರಿ ಆಸ್ಪತ್ರೆಗಳ ಫಿಸಿಯೋಥೆರಪಿಸ್ಟ್‌ಗಳಿಗೆ ಈ ಕಾಯಿಲೆಯ ತರಬೇತಿ ಕೊಡಬಹುದು. ಇದಕ್ಕೆ ದುಬಾರಿ ಯಂತ್ರ ಬೇಡ, ಒಂದು ಕನ್ನಡಿ, ನಡೆಯಲು ಜಾಗ, ತಿಳಿದ ಕೈ ಇದ್ದರೆ ಸಾಕು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜ್ ಉಳಿಯಬಹುದು, ಆದರೆ ಕರೆದೊಯ್ಯುವ ಗಂಡಸಿನ ಟಿಕೆಟ್ಟು, ಇಬ್ಬರ ಕೂಲಿ ಉಳಿಯುವುದಿಲ್ಲ. ವಾರಕ್ಕೊಮ್ಮೆ ಬೆಂಗಳೂರಿಗೆ ಬನ್ನಿ ಎಂದರೆ ಕೂಲಿ ಮಾಡುವ ಮನೆಯವರು ಎರಡನೇ ವಾರಕ್ಕೇ ಕೈಚೆಲ್ಲುತ್ತಾರೆ.

ಮನೆಯವರಿಗೂ ಎರಡು ಮಾತು. ಬೈಯಬೇಡಿ, ಅಣಕಿಸಬೇಡಿ. ಹಾಗಂತ ಹಾಸಿಗೆಗೇ ಊಟ ತಂದುಕೊಟ್ಟು ಎಲ್ಲವನ್ನೂ ನೀವೇ ಮಾಡಬೇಡಿ. ಅವರ ಕೈಲಾದ ಕೆಲಸ ಅವರೇ ಮಾಡಲಿ. ಗಳಿಗೆಗೊಮ್ಮೆ ‘ಕಾಲು ಹೇಗಿದೆ?’ ಎಂದು ಕೇಳುವ ಬದಲು ಮಳೆ, ಬೆಳೆ, ಮಕ್ಕಳ ಮಾತಾಡಿ. ಡಾಕ್ಟರನ್ನು ಕೇಳದೆ ಕೋಲು, ವ್ಹೀಲ್‌ಚೇರ್ ತರಬೇಡಿ.

ಒಂದು ಎಚ್ಚರಿಕೆ: ಇದು ಆ ಕಾಯಿಲೆಯೇ ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಬಿದ್ದುಹೋದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಅದು ಲಕ್ವಾ ಆಗಿರಬಹುದು. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಗೆ ಅದನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಇನ್ನು, ‘ಸ್ಕ್ಯಾನ್ ನಾರ್ಮಲ್’ ಎಂಬ ಮಾತು ಕೇಳಿ ಸುಮ್ಮನೆ ಎದ್ದು ಬರಬೇಡಿ. ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ: ಸ್ಕ್ಯಾನ್ ಸರಿ ಇದ್ದರೆ ಈ ತೊಂದರೆಗೆ ಹೆಸರೇನು? ಇದು ಫಂಕ್ಷನಲ್ ಕಾಯಿಲೆ ಇರಬಹುದೇ? ಇದಕ್ಕೆ ಫಿಸಿಯೋಥೆರಪಿ ಯಾರ ಹತ್ತಿರ ಮಾಡಿಸಬೇಕು? ಮನಸ್ಸಿಗೆ ಕುಗ್ಗಿದಂತಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರಿನಲ್ಲಿ ‘ನಾಟಕ’ ಎನಿಸಿಕೊಂಡು ಮೂಲೆಯಲ್ಲಿ ಕೂತವರು ಯಾರಾದರೂ ಇದ್ದರೆ, ಅವರ ಮನೆಯವರಿಗೆ ಇದನ್ನು ಓದಿ ಹೇಳಿ.