ತಿಳಿನೀರಿನ ಹಿಂದಿರುವ ಕೈಗಳು

ಗೋವೆಯ ಹೋಟೆಲುಗಳ ಈಜುಕೊಳದ ನೀರು ತಿಳಿಯಾಗಿರುವುದು ಫಿಲ್ಟರ್ ತೊಳೆಯುವ ಕೈಗಳಿಂದ. ಆ ಕೈಗಳಲ್ಲಿ ಕನ್ನಡಿಗರವೂ ಇವೆ.

ಮರಳಿನ ಫಿಲ್ಟರಿನಲ್ಲಿ ಕೊಳೆ ತುಂಬಿದಂತೆ ಒತ್ತಡದ ಮುಳ್ಳು ಏರುತ್ತದೆ. ತೊಳೆದಾಗ ಇದ್ದುದಕ್ಕಿಂತ ಚದರ ಅಂಗುಲಕ್ಕೆ 8-10 ಪೌಂಡು ಹೆಚ್ಚಾದರೆ ನೀರನ್ನು ಹಿಮ್ಮುಖ ಹರಿಸಿ ಮರಳು ತೊಳೆಯಬೇಕು. ಪಂಪು ನಿಲ್ಲಿಸದೆ ವಾಲ್ವ್ ತಿರುಗಿಸಬಾರದು. ಒತ್ತಡ ಇಳಿಸದೆ ಮುಚ್ಚಳ ಬಿಚ್ಚಬಾರದು. ಕ್ಲೋರಿನ್ ಪುಡಿಗೆ ಆಸಿಡ್ ತಾಗಿದರಂತೂ ವಿಷಾನಿಲ ಏಳುತ್ತದೆ. 1915ರಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಸೈನಿಕರನ್ನು ಕೊಂದದ್ದು ಇದೇ ಕ್ಲೋರಿನ್ ಅನಿಲ.

ಇಂಥ ಕೆಲಸವನ್ನು ಏನೂ ಕಲಿಸದೆ ಹೊಸಬನಿಗೆ ಒಪ್ಪಿಸುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಕೈಗವಸು, ಕನ್ನಡಕ, ಮುಖವಾಡ, ಕನ್ನಡದಲ್ಲಿ ಬರೆದ ಸೂಚನಾಫಲಕ ಇವನ್ನು ಕೊಡುವುದು ಮಾಲೀಕರ ಹೊಣೆ. ದುಡಿಯುವ ಬಂಧುಗಳೇ, ಇವನ್ನು ಒಟ್ಟಾಗಿ ಕೇಳೋಣ. ಕೊಡುವವರೆಗೆ ಆ ಡಬ್ಬಿಯನ್ನು ಮುಟ್ಟದಿರೋಣ.